ಮಾಷ್ಟ್ರಿಗೊಬ್ಬ ಮೈಕಿನವ ಬೇಕು

ಹಂಗಾರಕಟ್ಟೆಯಿಂದ ಮಾಬುಕಳದ ಕಡೆಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಡಿಗ್ರಿ ಕಾಲೇಜಿನ ಕನ್ನಡ ಮಾಷ್ಟ್ರನ್ನು ಗುರುತು ಹಿಡಿಯಲು ಯಾರನ್ನೂ ಕೇಳಬೇಕಾಗಿಲ್ಲ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು (ಇನ್ನೊಂದು ಕಿವಿ ಕಂಡಕ್ಟರನಿಗೂ ಊರ ಸುದ್ದಿಗೂ ಮೀಸಲು) ಕಣ್ಣು ಮುಚ್ಚಿ ತಾಳಮದ್ದಲೆ ಕೇಳುತ್ತಿರುವವರೇ ಅವರು. ಅರ್ಥಧಾರಿಯ ವಾದ ಎಲ್ಲೋ ಜಾರಿತೆನಿಸಿದರೆ ಪರದೆ ತಟ್ಟಿ ಹಿಂದಕ್ಕೆ ಹೋಗುತ್ತಾರೆ, ಮತ್ತೊಮ್ಮೆ ಕೇಳುತ್ತಾರೆ, ಆ ತುಣುಕಿನ ಕೊಂಡಿಯನ್ನು ನಿಮಿಷ ಸೆಕೆಂಡಿನ ಸಮೇತ ವಾಟ್ಸಾಪ್ ಬಳಗಕ್ಕೆ ಕಳಿಸಿ ಕೆಳಗೆ ‘ಕರ್ಣ ಸೋತದ್ ಇಲ್ಲೇ ಕಾಣಿ’ ಎಂದು ಷರಾ ಬರೆಯುತ್ತಾರೆ. ಬಂಗುಡೆಯ ದುಡ್ಡು ಫೋನಿನಲ್ಲೇ ಪಾವತಿ. ಕೋಡಿ ಬೆಂಗ್ರೆಯ ಬಾರ್ಜು ಇವತ್ತು ಇದೆಯೋ ಇಲ್ಲವೋ ಎಂಬ ವರ್ತಮಾನ ಅದರಲ್ಲೇ, ದುಬೈಯಲ್ಲಿರುವ ಮಗನ ಮುಖವೂ ಅದರಲ್ಲೇ. ಇಷ್ಟೆಲ್ಲ ಬಲ್ಲ ಮನುಷ್ಯ ಹತ್ತು ಗಂಟೆಗೆ ಸ್ಮಾರ್ಟ್ ಕ್ಲಾಸಿನ ಹೊಸ್ತಿಲು ದಾಟಿದ ಕೂಡಲೇ ರಿಮೋಟನ್ನು ಎರಡೇ ಬೆರಳಲ್ಲಿ ಹಿಡಿಯುತ್ತಾರೆ. ಪ್ರೊಜೆಕ್ಟರು ನೀಲಿ ಬಣ್ಣ ತೋರಿಸಿ ಸಿಗ್ನಲ್ ಇಲ್ಲ ಎನ್ನುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಮಾಷ್ಟ್ರು ರಿಮೋಟನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಚಾಕ್‌ಪೀಸ್ ತೆಗೆಯುತ್ತಾರೆ. ಅಲ್ಲಿಗೆ ಆ ವರ್ಷದ ಡಿಜಿಟಲ್ ಶಿಕ್ಷಣ ಮುಗಿಯಿತು.

ಇಂಥವರನ್ನು ತಂತ್ರಜ್ಞಾನಕ್ಕೆ ಹೆದರುವವರು ಎಂದು ಕರೆಯುವುದು ವಾಡಿಕೆ. ಕಾಯಿಲೆಗೆ ಹೆಸರಿಟ್ಟ ಮೇಲೆ ಮದ್ದೂ ಸಿದ್ಧವೇ ಇರುತ್ತದೆ: ಒಂದು ದಿನದ ಕಾರ್ಯಾಗಾರ. 2020ರಲ್ಲಿ ಕೊರೊನಾ ಬಂದು ತರಗತಿಗಳು ಮೊಬೈಲಿಗೆ ಇಳಿದವು, ಆ ವರ್ಷದ ಕೊನೆಗೆ ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಎಲ್‌ಎಂಎಸ್ ಎಂಬ ಕಲಿಕಾ ನಿರ್ವಹಣೆಯ ವ್ಯವಸ್ಥೆಯೂ ಬಂತು. ಯುಜಿಸಿಯ 2018ರ ನಿಯಮಾವಳಿಯಂತೆ ಬಡ್ತಿಗೆ ಶಿಬಿರಗಳು ಲೆಕ್ಕಕ್ಕೆ ಬರುತ್ತವೆ. ನ್ಯಾಕ್ ಮೌಲ್ಯಮಾಪನದಲ್ಲಿ ಅಧ್ಯಾಪಕರು ಐಸಿಟಿ ಎಂಬ ಮಾಹಿತಿ ತಂತ್ರಜ್ಞಾನ ಬಳಸುತ್ತಾರೆಯೇ ಎಂಬ ಪ್ರಶ್ನೆಯೂ ಇದೆ. ಹೀಗಾಗಿ ಮಾಷ್ಟ್ರು ಕಾರ್ಯಾಗಾರ ತಪ್ಪಿಸಿಕೊಂಡವರೇನೂ ಅಲ್ಲ. ಅವರ ಕಪಾಟಿನಲ್ಲಿ ಪ್ರಮಾಣಪತ್ರಗಳ ದಪ್ಪ ಫೈಲು ಇದೆ, ಎಫ್‌ಡಿಪಿ ಎಂಬ ವಾರದ ಅಧ್ಯಾಪಕ ತರಬೇತಿ, ಎರಡು ವಾರದ ಪುನಶ್ಚೇತನ ಶಿಬಿರ, ಎಲ್ಲವೂ ಬಣ್ಣದಲ್ಲಿ, ಡಿಜಿಟಲ್ ಸಹಿಯ ಸಮೇತ. ಇಷ್ಟು ತರಬೇತಿಯ ನಂತರವೂ ಮನುಷ್ಯ ಚಾಕ್‌ಪೀಸಿಗೇ ಮರಳುತ್ತಾನೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ತರಬೇತಿಯನ್ನು. ಮಾಷ್ಟ್ರಿಗಿರುವ ಹೆದರಿಕೆ ಅರವತ್ತು ಮಕ್ಕಳೆದುರು ಮರ್ಯಾದೆ ಹೋಗುವುದರದ್ದು. ಆ ಮರ್ಯಾದೆ ಹೋಗುವುದು ಹತ್ತು ಗಂಟೆ ಐದು ನಿಮಿಷಕ್ಕೆ, ಕೇಬಲ್ಲು ಸಡಿಲವಾದಾಗ. ಕಾರ್ಯಾಗಾರ ಮುಗಿದದ್ದು ಕಳೆದ ಜುಲೈಯಲ್ಲಿ, ಊಟದ ಜೊತೆಗೆ.

ಕಾರ್ಯಾಗಾರದಲ್ಲಿ ಕಲಿಸುವುದೇನು ಎಂದು ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಸ್ಲೈಡು ಹೇಗೆ ಹಾರಿ ಬರಬೇಕು, ಪ್ರಶ್ನೋತ್ತರದ ಫಾರಂ ಹೇಗೆ ಮಾಡಬೇಕು ಎಂದು ವಾಣಿಜ್ಯದವರಿಗೂ ರಸಾಯನಶಾಸ್ತ್ರದವರಿಗೂ ಕನ್ನಡದವರಿಗೂ ಒಟ್ಟಿಗೇ ಬಡಿಸುತ್ತಾರೆ. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ ಎಂಬಿಬ್ಬರು 2006ರಲ್ಲೇ ಅಮೆರಿಕದಿಂದ ಬರೆದಿದ್ದಾರೆ: ಯಂತ್ರದ ತಿಳಿವಳಿಕೆ, ಪಾಠ ಮಾಡುವ ತಿಳಿವಳಿಕೆ, ವಿಷಯದ ತಿಳಿವಳಿಕೆ ಈ ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಕಲಿಸಿದರೆ ಕೆಲಸಕ್ಕೆ ಬರುವುದಿಲ್ಲ ಎಂದು. ನಮ್ಮ ಮಾಷ್ಟ್ರ ಕಷ್ಟವಾದರೂ ಬೇರೆಯೇ. ಅವರ ಮೂವತ್ತು ವರ್ಷದ ಟಿಪ್ಪಣಿಗಳೆಲ್ಲ ಹಳೆಯ ನುಡಿ ಅಕ್ಷರಶೈಲಿಯಲ್ಲಿವೆ. ಕಾಲೇಜಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಪಂಪನ ಪದ್ಯ ಕೊಂಬು ಬಾಲ ಮೂಡಿದ ರೋಮನ್ ಅಕ್ಷರಗಳ ಸಂತೆಯಾಗಿ ಪರದೆ ತುಂಬುತ್ತದೆ, ಮಕ್ಕಳು ಇದು ಯಾವ ಕಾಲದ ಹಳಗನ್ನಡ ಎಂದು ಕೇಳುತ್ತಾರೆ. ಕನ್ನಡ ಯೂನಿಕೋಡಿಗೆ ಸೇರಿದ್ದು 1991ರಲ್ಲಿ. ಕನ್ನಡದ ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಇದೇ ಕರಾವಳಿಯ ಕಿನ್ನಿಕಂಬಳದವರು. ಆದರೂ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಅರ್ಧ ಗಂಟೆಯ ವಿದ್ಯೆಯನ್ನು ಎಷ್ಟೋ ಶಿಬಿರಗಳು ಹೇಳಿಕೊಡುವುದಿಲ್ಲ. ೞ ಅಕ್ಷರವನ್ನು ಯಾವ ಕೀಲಿಯಿಂದ ಮೂಡಿಸಬೇಕು ಎಂದು ಕೇಳಿದರೆ ಸಂಪನ್ಮೂಲ ವ್ಯಕ್ತಿಗಳು ಚಹಾ ವಿರಾಮ ಘೋಷಿಸುತ್ತಾರೆ. (ಅವರನ್ನೂ ದೂರುವಂತಿಲ್ಲ. ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲೇ ೞ ಅಕ್ಷರಕ್ಕೆ ‘ಫ’ ಎಂಬ ಹೆಸರು ತಪ್ಪಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಅಲ್ಲಿಯ ಕಾನೂನು, ಹಾಗಾಗಿ ತಪ್ಪೊಪ್ಪಿ ಟಿಪ್ಪಣಿ ಹಾಕಿ ಬಿಟ್ಟಿದ್ದಾರೆ. ಮಾಷ್ಟ್ರಿಗೆ ಈ ವಿಷಯ ತಿಳಿದರೆ ಒಂದು ಪೀರಿಯಡ್ ಪೂರ್ತಿ ಅದರ ಮೇಲೆಯೇ ಹೋಗುತ್ತದೆ.)

ಹಾಗಾದರೆ ಮಾತಿನ ಕಲೆಯವರಿಗೆ ಯಂತ್ರ ಒಗ್ಗುವುದೇ ಇಲ್ಲವೇ? ಒಗ್ಗುತ್ತದೆ ಎನ್ನುವುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ, ಗದ್ದೆಯಲ್ಲಿ ನಡೆಯುವ ಬಯಲಾಟವೇ ಸಾಕು. ದೊಂದಿಯ ಬೆಳಕಿನಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ವಿದ್ಯುತ್ತಿಗೆ, ಬರಿಗಂಟಲಿನಿಂದ ಮೈಕಿಗೆ, ಮೈಕಿನಿಂದ ಕ್ಯಾಸೆಟ್ಟಿಗೆ, ಈಗ ಯೂಟ್ಯೂಬಿನ ನೇರ ಪ್ರಸಾರಕ್ಕೆ ಯಕ್ಷಗಾನ ದಾಟಿ ಬಂದಿದೆ. ಮೈಕ್ ಬಂದ ಮೇಲೆ ಭಾಗವತರ ಕಂಠ ಕೆಟ್ಟಿತು ಎಂದು ಗೊಣಗುವವರು ಇಂದಿಗೂ ಇದ್ದಾರೆ, ಗೊಣಗುತ್ತಲೇ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಯುತ್ತಾರೆ. ಭಾಗವತರು ಧ್ವನಿವರ್ಧಕ ಬಳಕೆಯ ಏಳು ದಿನದ ಶಿಬಿರಕ್ಕೇನೂ ಹೋಗಿ ಬಂದವರಲ್ಲ. ಹೋಗಬೇಕಾಗಲೂ ಇಲ್ಲ, ಏಕೆಂದರೆ ರಂಗಸ್ಥಳದ ಬದಿಯಲ್ಲಿ ಆಂಪ್ಲಿಫೈಯರಿನ ಪೆಟ್ಟಿಗೆಯ ಹಿಂದೆ ಮೈಕಿನವ ಇದ್ದ. ಚೆಂಡೆ ಏರಿದಾಗ ಯಾವ ಗುಬುಟು ಇಳಿಸಬೇಕು, ಭಾಗವತರು ಕೆಮ್ಮಲು ಬಾಯಿ ತಿರುಗಿಸಿದಾಗ ಏನು ಮಾಡಬೇಕು ಎಂಬುದು ಅವನಿಗೆ ಗೊತ್ತು, ಏಕೆಂದರೆ ಪ್ರಸಂಗವೂ ಅವನಿಗೆ ಗೊತ್ತು. ತೂಕಡಿಸಿದರೂ ಪದ್ಯ ಬದಲಾದಾಗ ಎಚ್ಚರವಾಗುತ್ತಾನೆ. ಭಾಗವತರ ಪಾಲಿಗೆ ಉಳಿದದ್ದು ಹಾಡುವುದೊಂದೇ. ಭಾಷಾ ಅಧ್ಯಾಪಕರಿಗೆ ಬೇಕಾದ ನೆರವು ಇಂಥದ್ದು: ಅದೇ ಕಟ್ಟಡದಲ್ಲಿ, ಅದೇ ಗಂಟೆಯಲ್ಲಿ, ಆ ಪಾಠದ ರಾಗ ತಾಳ ಬಲ್ಲ ಒಬ್ಬ ಮನುಷ್ಯ.

ಇದಕ್ಕೆ ಬರುವ ಆಕ್ಷೇಪಗಳು ಗೊತ್ತಿರುವವೇ. ಮೊದಲನೆಯದು, ಇದೆಲ್ಲ ಸೋಮಾರಿತನಕ್ಕೆ ಹೊದಿಸಿದ ಶಾಲು ಎಂಬುದು. ಒಂದು ಪಾಲು ನಿಜ; ನಿವೃತ್ತಿಗೆ ಇನ್ನೆಷ್ಟು ಸಂಬಳ ಬಾಕಿ ಎಂದು ಎಣಿಸುವ ಮಾಷ್ಟ್ರುಗಳೂ ಇದ್ದಾರೆ, ಮೇಡಮ್ಮುಗಳೂ ಇದ್ದಾರೆ, ಅವರಿಗೆ ಮೈಕಿನವನನ್ನು ಕೊಟ್ಟರೂ ಅವನ ಹತ್ತಿರ ಚಹಾ ತರಿಸುತ್ತಾರೆ. ಆದರೆ ಸೋಮಾರಿಯಾದವನು ತಾಳಮದ್ದಲೆಯ ತುಣುಕನ್ನು ಸೆಕೆಂಡಿನ ಲೆಕ್ಕದಲ್ಲಿ ಹೆಕ್ಕಿ ಕಳಿಸುವುದಿಲ್ಲ. ಎರಡನೆಯದು ಸಂಪ್ರದಾಯಸ್ಥರದ್ದು: ಹಳಗನ್ನಡಕ್ಕೆ ಬಾಯಿ ಇದ್ದರೆ ಸಾಕು, ಪರದೆ ಯಾಕೆ? ಬಾಯಿ ಬೇಕು, ಒಪ್ಪೋಣ. ಆದರೆ ಬೇಕಾಗಿರುವುದು ಮಕ್ಕಳ ಬಾಯಿ. ಅರವತ್ತು ಮಂದಿಯ ತರಗತಿಯಲ್ಲಿ ಪ್ರತಿಯೊಬ್ಬರಿಂದ ಒಂದು ಕಂದಪದ್ಯ ಓದಿಸಿ ಉಸಿರು ಎಲ್ಲಿ ನಿಂತಿತು, ಸಂಧಿ ಎಲ್ಲಿ ಮುರಿಯಿತು ಎಂದು ತಿದ್ದಲು ಪೀರಿಯಡ್ ಸಾಲದು. ಅದೇ ಮಕ್ಕಳು ಫೋನಿನಲ್ಲಿ ಓದಿ ಧ್ವನಿ ಕಳಿಸಿದರೆ ಮಾಷ್ಟ್ರು ಬಸ್ಸಿನಲ್ಲೇ ಕೇಳಿ ತಿದ್ದಬಲ್ಲರು. ಕೇಳುವ ಕಿವಿಯೂ ಕೆಣಕುವ ಷರಾವೂ ಅವರಲ್ಲಿ ತಯಾರಾಗಿಯೇ ಇವೆ. ಈ ಒಂದು ಪ್ರಯೋಗಕ್ಕೆ ಪ್ರೊಜೆಕ್ಟರಿನ ಹಂಗೂ ಇಲ್ಲ. ಮೂರನೆಯ ಆಕ್ಷೇಪ ಹೊಸದು: ಚಾಟ್‌ಜಿಪಿಟಿ ಬಂದ ಮೇಲೆ ಮಾಷ್ಟ್ರೇ ಬೇಡವಲ್ಲ, ಇನ್ನು ಅವರಿಗೆ ನೆರವೇಕೆ? ಇಡೀ ತರಗತಿಯ ಪ್ರಬಂಧಗಳು ಒಂದೇ ಅಚ್ಚಿನಲ್ಲಿ ಬಂದು ಬೀಳುವುದು ಶುರುವಾದ ಮೇಲೆ, ಯಾವ ವಾಕ್ಯ ಕೋಟದ ಹುಡುಗನದ್ದು, ಯಾವುದು ಯಂತ್ರದ್ದು ಎಂದು ಮೂಸಿ ಹೇಳಬಲ್ಲ ಮೂಗು ಇರುವುದು ಮಾಷ್ಟ್ರಿಗೇ. ಯಂತ್ರದ ವಾಕ್ಯವನ್ನು ಪರದೆಯ ಮೇಲಿಟ್ಟು ಅದು ಯಾಕೆ ಸಪ್ಪೆ ಎಂದು ತರಗತಿಗೆ ತೋರಿಸುವುದು ಈಗ ಒಳ್ಳೆಯ ಪಾಠವೇ ಆದೀತು. ಆ ಹೊತ್ತಿಗೆ ಸಿಗ್ನಲ್ ಇರಬೇಕು, ಅಷ್ಟೇ.

ಕೊನೆಗೆ ಉಳಿಯುವುದು ದುಡ್ಡಿನ ಪ್ರಶ್ನೆ: ಮೈಕಿನವನಿಗೆ ಸಂಬಳ ಯಾರು ಕೊಡಬೇಕು? ಅವನು, ಅಥವಾ ಹೆಚ್ಚಿನ ಪಾಲು ಅವಳು, ಆಗಲೇ ಕಾಲೇಜಿನಲ್ಲಿ ಇದ್ದಾಳೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಸಂಖ್ಯೆ 10,000 ಮೀರಿದೆ, ನೇಮಕ ವಾರಕ್ಕೆ ಇಷ್ಟು ಗಂಟೆ ಎಂಬ ಕಾರ್ಯಭಾರದ ಮೇಲೆ. ಸ್ಟಾಫ್ ರೂಮಿನಲ್ಲಿ ‘ಹ್ವಾಯ್, ಇದ್ ಎಂತಕೆ ಬತ್ತಿಲ್ಲೆ ಕಾಣಿ’ ಎಂದು ಮಾಷ್ಟ್ರು ಕರೆಯುವುದು ಇವರನ್ನೇ. ಫಾಂಟು ಬದಲಿಸಿಕೊಡುವವರು, ಎಲ್‌ಎಂಎಸ್‌ನ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವವರು, ಅಂಕ ತುಂಬಿಸುವವರು ಇವರೇ, ಎಲ್ಲವೂ ಪುಕ್ಕಟೆ. ಹಿರಿಯರು ಕಿರಿಯರಿಂದ ಕಲಿತಾರೆಯೇ ಎಂಬ ಸಂಶಯ ಸ್ಟಾಫ್ ರೂಮಿನ ಬಾಗಿಲು ತೆರೆದಿರುವಾಗ ಮಾತ್ರ ಸರಿ. ಬಾಗಿಲು ಎಳೆದುಕೊಂಡ ಮೇಲೆ ವ್ಯಾಪಾರ ಸಲೀಸಾಗಿ ನಡೆಯುತ್ತದೆ: ಅವಳು ಕಡತ ತೆರೆದುಕೊಡುತ್ತಾಳೆ, ಅವರು ಅವಳ ಕೆ-ಸೆಟ್ ಎಂಬ ಅಧ್ಯಾಪಕ ಅರ್ಹತೆಯ ಪರೀಕ್ಷೆಗೆಂದು ಪಂಪನ ಒಂದು ಪದ್ಯ ಬಿಡಿಸಿಕೊಡುತ್ತಾರೆ. ಇಲಾಖೆ ಮಾಡಬೇಕಾದದ್ದು ಈ ವ್ಯಾಪಾರವನ್ನು ವೇಳಾಪಟ್ಟಿಗೆ ತಂದು, ವಾರಕ್ಕೆರಡು ಗಂಟೆಯನ್ನು ಅವಳ ಕಾರ್ಯಭಾರಕ್ಕೆ ಸೇರಿಸಿ ಗೌರವಧನ ಕೊಡುವುದು. ಗಂಟೆ ಯಾವುದಾದರೂ ಆದೀತು, ಶನಿವಾರ ಬೆಳಿಗ್ಗೆ ಮಾತ್ರ ಬೇಡ. ಶುಕ್ರವಾರ ರಾತ್ರಿ ಹತ್ತಿರದಲ್ಲೆಲ್ಲಾದರೂ ಸಾಲಿಗ್ರಾಮ ಮೇಳದ ಆಟವಿದ್ದರೆ ಇಬ್ಬರೂ ಬರುವ ಖಾತರಿ ಇಲ್ಲ.