ಆರು ಮಂದಿ, ಆರೂ ರೇಂಜರ್!

2000ರಲ್ಲಿ ಬಂದ ‘ಐಸ್‌ವಿಂಡ್ ಡೇಲ್’ ಕಂಪ್ಯೂಟರ್ ಆಟದಲ್ಲಿ ಆರು ಮಂದಿಯ ತಂಡ ಕಟ್ಟಬಹುದು. ಜಾಣರು ಯೋಧ, ಕಳ್ಳ, ಮಾಂತ್ರಿಕ, ಪುರೋಹಿತ ಎಂದು ಹದವರಿತು ಆರಿಸುತ್ತಾರೆ. ಆರೂ ಜನ ರೇಂಜರ್‌ಗಳೇ, ಅಂದರೆ ಕಾಡಿನ ಬೇಟೆಗಾರ ಯೋಧರೇ, ಆದರೆ? ಮದುವೆಮನೆಗೆ ಬಂದ ಅಡುಗೆಯವರೆಲ್ಲ ಬರೀ ಸಾರು ಮಾಡಿಟ್ಟಂತೆ!

ಬಾಣಕ್ಕೇನೂ ಬರವಿಲ್ಲ. ಪ್ರತಿಯೊಬ್ಬನಿಗೂ ಒಂದೊಂದು ಜಾತಿಯ ಜನ್ಮವೈರಿ. ಅದು ಕಣ್ಣಿಗೆ ಬಿದ್ದರೆ ಗುರಿಗೆ ನಾಲ್ಕು ಅಂಕ ಹೆಚ್ಚು. ಆದರೆ ನಿಯಮದ ಪ್ರಕಾರ ರೇಂಜರ್ ಸಜ್ಜನನೇ ಆಗಿರಬೇಕು. ಬೀಗ ಬಿಡಿಸುವ ಕಳ್ಳವಿದ್ಯೆ ಯಾರಿಗೂ ಬಾರದು. ಹಾಗಾಗಿ ಸಜ್ಜನರು ಪೆಟ್ಟಿಗೆ ಒಡೆಯುತ್ತಾರೆ! ಗುಪ್ತ ಬಲೆಗಳ ಪತ್ತೆಗೂ ಒಂದೇ ಉಪಾಯ: ಗಟ್ಟಿ ಆಸಾಮಿಯನ್ನು ಮುಂದೆ ಬಿಡುವುದು. ‘ಅಯ್ಯೋ’ ಎಂದರೆ ಬಲೆಯಿತ್ತು ಎಂದರ್ಥ.

ಅಡಗುವುದರಲ್ಲಂತೂ ಆರೂ ಜನ ನಿಸ್ಸೀಮರು. ‘ಮೊದಲು ತಾವು ನಡೀರಿ ಸ್ವಾಮಿ’ ಎನ್ನಲೂ ಎದುರಿಗೆ ಯಾರೂ ಕಾಣಿಸುವುದಿಲ್ಲ!