ಮಡಿಯೊಳಗಿನ ಹುಳು: ಶಿಡ್ಲಘಟ್ಟದಲ್ಲೊಂದು ಸಂದರ್ಶನ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮಾತಿಗೆ ಪ್ರಶಸ್ತವಾದದ್ದು ಹರಾಜಿಗೆ ಮುಂಚಿನ ಅರ್ಧ ಗಂಟೆ. ರೈತರು ಗೂಡು ಹರವಿ ಟೀ ಕುಡಿಯಲು ಹೋಗಿರುತ್ತಾರೆ. ನೂಲು ಬಿಚ್ಚುವ ರೀಲರುಗಳು ಒಂದೊಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳು ಸರಿಯಾಗಿದೆಯೇ ಎಂದು ನೋಡುತ್ತ ಓಡಾಡುತ್ತಿರುತ್ತಾರೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಬಿಚ್ಚಾಣಿಕೆಯ ಶೆಡ್ಡಿನಲ್ಲಿ ಉರ್ದು ನಡೆಯುವ ಊರು ಇದು. ನಮ್ಮ ಪ್ರತಿನಿಧಿಗೆ ಸಂದರ್ಶನ ಕೊಡಲು ಒಪ್ಪಿದ್ದು ಮಿಶ್ರತಳಿಯ ಹಳದಿ ಗೂಡೊಂದರ ನಿವಾಸಿ. ವಿಷಯ ಸಸ್ಯಾಹಾರ ಎಂದು ಕೇಳಿದ್ದೇ ಗೂಡಿನೊಳಗೆ ಒಂದು ನಗೆ ಹೊರಳಿದಂತಾಯಿತು.

"ತಮ್ಮ ಆಹಾರ ಪದ್ಧತಿ?"

"ಹಿಪ್ಪುನೇರಳೆ ಸೊಪ್ಪು. ಬೆಳಿಗ್ಗೆ ಅದೇ, ಸಂಜೆ ಅದೇ. ಹಾಲಿಲ್ಲ, ತುಪ್ಪವಿಲ್ಲ, ಜೇನಿಲ್ಲ. ಪೊರೆ ಬಿಡುವಾಗ ಬಾಯಿ ಮುಚ್ಚಿಕೊಂಡು ಉಪವಾಸ. ರೈತರು ಅದನ್ನು ಜ್ವರ ಅನ್ನುತ್ತಾರೆ. ಅಂಥ ಜ್ವರ ನಾಲ್ಕು. ಇಷ್ಟರಲ್ಲೇ 25-28 ದಿನಕ್ಕೆ ಹುಟ್ಟಿದಾಗಿನ ತೂಕದ ಸುಮಾರು 10,000 ಪಟ್ಟು ಬೆಳೆಯುತ್ತೇನೆ. ಸೊಪ್ಪು ತಿಂದರೆ ಮೈಗೆ ಹತ್ತುವುದಿಲ್ಲ ಅನ್ನುವವರನ್ನು ಒಮ್ಮೆ ಇತ್ತ ಕಳಿಸಿ, ಸ್ವಾಮಿ."

ಅಂದರೆ ಈಗಿನವರು ಹೇಳುವ ವೀಗನ್. ಆ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ಹಾಲು-ಮೊಟ್ಟೆಯನ್ನೂ ಬಿಟ್ಟವರದೇ ಒಂದು ಸಂಘ ಕಟ್ಟಿದಾಗ. ರೇಷ್ಮೆ ಹುಳು ಮನುಷ್ಯನ ಮನೆ ಸೇರಿ ಸುಮಾರು 5,000 ವರ್ಷವಾಯಿತು. ಹಿರಿತನದ ಲೆಕ್ಕದಲ್ಲಿ ಸಂಘದ ಅಧ್ಯಕ್ಷಗಿರಿ ಯಾರಿಗೆ ಸಲ್ಲಬೇಕೆಂದು ಪ್ರತಿನಿಧಿ ಕೇಳಲಿಲ್ಲ.

"ನಿಮ್ಮನ್ನು ಸಾಕುವ ಮನೆಯಲ್ಲಿ ಮಡಿ ಬಹಳವಂತೆ?"

"ಬಹಳ. ಚಪ್ಪಲಿ ಹೊರಗೆ. ಕೈಕಾಲು ತೊಳೆದೇ ಒಳಗೆ. ನೆಲಕ್ಕೆ ಸುಣ್ಣ, ಬ್ಲೀಚಿಂಗ್ ಪುಡಿ. ಪಕ್ಕದ ತೋಟದಲ್ಲಿ ಔಷಧಿ ಹೊಡೆದರೆ ನಮ್ಮ ಮನೆಯಲ್ಲಿ ಸೂತಕ. ಆ ಗಾಳಿ ಬಿದ್ದ ಸೊಪ್ಪು ತಿಂದರೆ ಇಡೀ ಬೆಳೆ ಹೋಯಿತು. ಚಿಂತಾಮಣಿ ಕಡೆಯ ಟೊಮ್ಯಾಟೊ ತೋಟದಲ್ಲಿ ಎಷ್ಟು ಹುಳ ಸಾಯುತ್ತವೆ ಎಂದು ಯಾರು ಎಣಿಸಿದ್ದಾರೆ? ನಿಮ್ಮ ಸಲಾಡು ಕೂಡ ಅಷ್ಟೇನೂ ಮುಗ್ಧವಲ್ಲ ಅಂದೆ, ಅಷ್ಟೇ."

ಮಡಿಯ ಮಾತು ಬಂದದ್ದರಿಂದ ಮಡಿಸೀರೆಗೆ ಬರಲೇಬೇಕಾಯಿತು. ಹುಳು ಹಣ್ಣಾಗಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಏರಿ ಎರಡು-ಮೂರು ದಿನದಲ್ಲಿ ಗೂಡು ಸುತ್ತಿ ಮುಗಿಸುತ್ತದೆ. ಬಿಟ್ಟರೆ ಹತ್ತು-ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಹಾಗಾಗಬಾರದೆಂದೇ ಅದಕ್ಕೆ ಮೊದಲು ಹಬೆ, ಆಮೇಲೆ ಕುದಿನೀರು. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕು. ಜೀವದ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕೈದು ಸಾವಿರ. ಈರುಳ್ಳಿ-ಬೆಳ್ಳುಳ್ಳಿ ಕೂಡ ಒಳಗೆ ಬರದ ಅಡುಗೆಮನೆಗೆ ಈ ನಾಲ್ಕೈದು ಸಾವಿರ ಮಂದಿ ನೆರಿಗೆ ಹಿಡಿದುಕೊಂಡು ಸಲೀಸಾಗಿ ಹೋಗಿಬರುತ್ತಾರೆ. ಹತ್ತಿಬಟ್ಟೆಗಾದರೂ ಒಗೆದು, ಮುಟ್ಟದಂತೆ ಒಣಗಿಸಿ ಎಂಬ ನಿಯಮವುಂಟು; ಪಟ್ಟೆಗೆ ಆ ಕಾಟವೂ ಕಡಿಮೆ.

"ಬೇಸರವಿಲ್ಲವೇ?"

"ಸಾವಿಗೆ ಬೇಸರಪಟ್ಟು ಏನು ಮಾಡಲಿ? ಊಜಿ ನೊಣ ನನ್ನ ಮೈಮೇಲೆ ಮೊಟ್ಟೆಯಿಟ್ಟರೆ ಅದರ ಮರಿ ನನ್ನನ್ನು ಒಳಗಿನಿಂದ ತಿನ್ನುತ್ತದೆ. ಅದು ತಿನ್ನುತ್ತೇನೆ ಎಂದೇ ತಿನ್ನುತ್ತದೆ. ನಿಮ್ಮದು ಬೇರೆ ಏರ್ಪಾಡು. ಸಾಕುವವರು ಒಬ್ಬರು, ಕುದಿಸುವವರು ಒಬ್ಬರು, ನೇಯುವವರು ಇನ್ನೊಬ್ಬರು, ಉಡುವವರು ಮತ್ತೊಬ್ಬರು. ಈ ಊರಲ್ಲಿ ಬಿಚ್ಚಾಣಿಕೆಯ ಒಲೆ ಮುಂದೆ ಕೂತು ಕೈ ಬೇಯಿಸಿಕೊಳ್ಳುವವರಲ್ಲಿ ಬಹುಪಾಲು ಮುಸ್ಲಿಮರು. ಪಾಪ ಅವರ ಖಾತೆಗೆ, ಜರಿ ನಿಮ್ಮ ಖಾತೆಗೆ."

ಇದನ್ನು ಗಮನಿಸಿದವರು ಇರಲಿಲ್ಲವೆಂದಲ್ಲ. ರೇಷ್ಮೆಗೇ ಹೆಸರಾದ ಕಂಚಿಯ ಪರಮಾಚಾರ್ಯ ಚಂದ್ರಶೇಖರೇಂದ್ರ ಸರಸ್ವತಿಗಳು ಭಕ್ತರಿಗೆ ರೇಷ್ಮೆ ಬಿಡಿ ಎಂದು ಹೇಳಿದ್ದುಂಟು. ಎಷ್ಟೋ ಜೈನರೂ ರೇಷ್ಮೆ ಉಡುವುದಿಲ್ಲ. ಆಂಧ್ರದ ಕೈಮಗ್ಗ ಇಲಾಖೆಯಲ್ಲಿದ್ದ ಕುಸುಮ ರಾಜಯ್ಯ, ಚಿಟ್ಟೆ ಹೊರಹೋದ ಮೇಲೆ ಉಳಿದ ಗೂಡನ್ನು ನೂತು 'ಅಹಿಂಸಾ ರೇಷ್ಮೆ' ಮಾಡಿದರು. ಕೊಲ್ಲದೆ ಮಾಡಿದ ಸೀರೆ ಸಿಗುತ್ತದೆಯೇ ಎಂದು ಅವರನ್ನು ಕೇಳಿದವರು ರಾಷ್ಟ್ರಪತಿಯಾಗಿದ್ದ ಆರ್. ವೆಂಕಟರಾಮನ್ ಅವರ ಪತ್ನಿ ಜಾನಕಿ.

"ಒಳ್ಳೆಯ ಮನಸ್ಸು," ಎಂದಿತು ಹುಳು. "ಆದರೆ ಬಿಡುಗಡೆಯಾಗಿ ನಾನು ಹೋಗುವುದಾದರೂ ಎಲ್ಲಿಗೆ? ನಿಮ್ಮ ಮನೆಯಲ್ಲಿ ಇದ್ದು ಇದ್ದು ನಮ್ಮ ರೆಕ್ಕೆಗೆ ಹಾರುವುದೇ ಮರೆತಿದೆ. ಚಿಟ್ಟೆಯಾದ ಮೇಲೆ ತಿನ್ನಲು ಬಾಯಿಯೂ ಕೆಲಸಕ್ಕಿಲ್ಲ. ನಾಲ್ಕಾರು ದಿನ ಇದ್ದು, ಒಬ್ಬೊಬ್ಬಳು ನಾನೂರು-ಐನೂರು ಮೊಟ್ಟೆಯಿಟ್ಟು ಸಾಯಬೇಕು. ಅಷ್ಟೂ ಮಕ್ಕಳಿಗೆ ಸೊಪ್ಪು ಹಾಕುವವರು ಯಾರು?"

ಸಂದರ್ಶನ ಇಲ್ಲಿಗೆ ಸ್ವಲ್ಪ ಭಾರವಾದ್ದರಿಂದ ಪ್ರತಿನಿಧಿ ನಂದಿಬೆಟ್ಟದ ಕಡೆ ಮಾತು ತಿರುಗಿಸಿದ. 1927ರಲ್ಲಿ ಆರೋಗ್ಯ ಕೆಟ್ಟು ಗಾಂಧೀಜಿ ವಿಶ್ರಾಂತಿಗೆ ಬಂದದ್ದು ಇದೇ ಚಿಕ್ಕಬಳ್ಳಾಪುರದ ಬೆಟ್ಟಕ್ಕೆ. ದಕ್ಷಿಣ ಆಫ್ರಿಕದಲ್ಲಿದ್ದಾಗ, 1912ರಲ್ಲಿ ಹಾಲು ಬಿಟ್ಟ ಮನುಷ್ಯ. ಆಮೇಲೆ ಕಾಯಿಲೆ ಹಿಂಡಿದಾಗ, ಪ್ರತಿಜ್ಞೆ ಮಾಡುವಾಗ ನಿಮ್ಮ ಮನಸ್ಸಿನಲ್ಲಿದ್ದದ್ದು ಹಸು-ಎಮ್ಮೆಯ ಹಾಲು ತಾನೇ, ಮೇಕೆಯದು ಕುಡಿಯಬಹುದಲ್ಲ ಎಂದು ಕಸ್ತೂರಬಾ ದಾರಿ ತೋರಿಸಿದರು. ಪ್ರತಿಜ್ಞೆಯ ಅಕ್ಷರ ಉಳಿಸಿಕೊಂಡೆ, ಆತ್ಮ ಕಳೆದುಕೊಂಡೆ ಎಂಬ ಅರ್ಥದಲ್ಲಿ ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

"ಅದು ನನಗೆ ಇಷ್ಟ," ಎಂದಿತು ಹುಳು. "ಮೇಕೆ ಹಾಲು ಕುಡಿದು ಮೇಕೆ ಹಾಲು ಕುಡಿದೆ ಅಂದರು. ಈಗ ಭಾನುವಾರ ಬೆಟ್ಟಕ್ಕೆ ಬೈಕಿನಲ್ಲಿ ಬರುವ ಹುಡುಗರಲ್ಲಿ ಕೆಲವರಿಗೆ ಕಾಫಿಗೆ ಓಟ್ಸ್ ಹಾಲೇ ಬೇಕು, ಕಾಲಲ್ಲಿ ಮಾತ್ರ ಚರ್ಮದ ಬೂಟು."

ವೀಗನ್ನರನ್ನು ಗೇಲಿ ಮಾಡುವುದು ಸುಲಭ. ಹಾಲಿನ ಜಿಲ್ಲೆಯಲ್ಲಂತೂ ಇನ್ನೂ ಸುಲಭ. ಹಳ್ಳಿ ಹಳ್ಳಿಯಲ್ಲಿ ಡೇರಿ ಇರುವ ಕಡೆ ಹಾಲು ಬಿಡಿ ಅನ್ನುವವನನ್ನು ಹುಚ್ಚನೆಂದೇ ನೋಡುತ್ತಾರೆ. ಹುಳು ತಿಂದುಳಿದ ಹಿಪ್ಪುನೇರಳೆ ಕಡ್ಡಿಯೂ ಹಸುವಿಗೇ ಹೋಗುತ್ತದೆ, ಹಾಗಾಗಿ ತನ್ನ ಎಂಜಲು ಕುಡಿಯದವರು ಈ ಸೀಮೆಯಲ್ಲಿ ಕಡಿಮೆ ಎಂದು ನಮ್ಮ ಅತಿಥಿಗೆ ಹೆಮ್ಮೆ. ಆದರೆ ಇಲ್ಲಿನ ಮುದ್ದೆ, ಬಸ್ಸಾರು, ಉಪ್ಪುಸಾರು, ಅವರೆಕಾಳಿನ ಹಿತಕಿದ ಬೇಳೆ, ಇವೆಲ್ಲ ತುಪ್ಪ ಬೀಳದಿದ್ದರೆ ವೀಗನ್ ಊಟವೇ. ಯಾರೂ ಫೋಟೋ ತೆಗೆದು ಹಾಕುವುದಿಲ್ಲ, ಅಷ್ಟೆ.

ಗೌರಿಬಿದನೂರು ಬಳಿಯ ವಿದುರಾಶ್ವತ್ಥದ ನಾಗರಕಲ್ಲುಗಳ ಸಾಲಿಗೆ ಎರೆಯುವ ಹಾಲಿನ ಬಗ್ಗೆ?

"ಹಾವಿಗೆ ಬೇಕಾದದ್ದು ಕಪ್ಪೆ, ಇಲಿ. ಹಾಲು ಅದರ ಆಹಾರವೇ ಅಲ್ಲ. ಪಾಪ, ಅಪ್ಪಟ ಮಾಂಸಾಹಾರಿಯನ್ನು ಸಸ್ಯಾಹಾರಿ ಮಾಡಿಬಿಟ್ಟಿರಿ. ಅಪ್ಪಟ ಸಸ್ಯಾಹಾರಿಯಾದ ನನ್ನನ್ನು ಬೇಯಿಸಿದಿರಿ. ಅದೇ ತಾಲ್ಲೂಕಿನ ಹೊಸೂರಿನ ವಿಚಾರವಾದಿ ಎಚ್. ನರಸಿಂಹಯ್ಯನವರು ಜೀವಮಾನವಿಡೀ ಪ್ರಶ್ನೆ ಕೇಳಿ ಎಂದರಲ್ಲ, ಇದನ್ನೂ ಯಾರಾದರೂ ಕೇಳಲಿ."

ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ 2014ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ತುಂಬಿದ ಐವರಲ್ಲಿ ಸುಮಾರು ನಾಲ್ವರು ಮಾಂಸ ತಿನ್ನುವವರು. ಅವರಲ್ಲೂ ಸೋಮವಾರ ಬೇಡ, ಶನಿವಾರ ಬೇಡ, ಶ್ರಾವಣ ಪೂರ್ತಿ ಬೇಡ ಎನ್ನುವವರು ಎಷ್ಟೋ ಮಂದಿ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಮಾತ್ರ ಬೆಳಗಿನ ಜಾವದಲ್ಲೇ ಮಟನ್ ಅಂಗಡಿ ಮುಂದೆ ಸಾಲು. ವಾರದ ಲೆಕ್ಕದ ಈ ಸಸ್ಯಾಹಾರವನ್ನು ಕಂಡು ಪೇಟೆಯವರು ನಗುತ್ತಾರೆ. ಹುಳುವಿಗೆ ಇದೇ ಪ್ರಾಮಾಣಿಕ ಅನ್ನಿಸುತ್ತದಂತೆ: ತಿಂದ ದಿನ ತಿಂದೆ, ಬಿಟ್ಟ ದಿನ ಬಿಟ್ಟೆ. ಶಾಲೆಯ ಬಿಸಿಯೂಟದ ಮೊಟ್ಟೆಯ ಬಗ್ಗೆ ದೊಡ್ಡವರು ವರ್ಷಗಟ್ಟಲೆ ಜಗಳವಾಡಿದರು. ಮಕ್ಕಳ ಲೆಕ್ಕವೂ ಅಷ್ಟೇ ನೇರ: ಮೊಟ್ಟೆ, ಬೇಡವಾದರೆ ಬಾಳೆಹಣ್ಣು. ಕೈ ಎತ್ತಿದರೆ ಮುಗಿಯಿತು.

ಕೊನೆಯದಾಗಿ ಪ್ರತಿನಿಧಿ ಬೇಡಿಕೆ ಏನಾದರೂ ಇದೆಯೇ ಎಂದು ಕೇಳಿದ.

"ಒಂದೇ. ಬಿಸ್ಕತ್ತಿನ ಪೊಟ್ಟಣದ ಮೇಲೂ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ತ್ರಿಕೋನ ಹಾಕುತ್ತಾರೆ. ವೀಗನ್ನರಿಗೂ 2022ರಲ್ಲಿ ನಿಯಮ ಮಾಡಿ ಬೇರೆ ಗುರುತು ಕೊಟ್ಟರು. ನನ್ನ ಸೀರೆಯ ಡಬ್ಬಿಗೆ ಯಾವ ಗುರುತು? ಸಿಲ್ಕ್ ಮಾರ್ಕ್ ಅಂತೊಂದು 2004ರಲ್ಲಿ ಬಂತು. ಅದು ಹೇಳುವುದಿಷ್ಟೇ: ಇದು ಶುದ್ಧ ರೇಷ್ಮೆ. ಅಂದರೆ ಬೆರಕೆಯಿಲ್ಲದೆ ನಾನೇ ಸತ್ತಿದ್ದೇನೆ ಅಂತ ಸರ್ಟಿಫಿಕೇಟು. ಅದರ ಪಕ್ಕದಲ್ಲೊಂದು ಕಂದು ತ್ರಿಕೋನ ಅಂಟಿಸಿದರೆ ಸಾಕು."

"ಅಂಟಿಸಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆಯೇ?"

"ಇಲ್ಲ ಸ್ವಾಮಿ. ಸೆರಗು ಹೊದೆಯುವಾಗ ಅದನ್ನು ಒಳಗೆ ಮಡಚಿಕೊಳ್ಳುತ್ತಾರೆ. ಇರಲಿ, ನಿಮ್ಮನ್ನೊಂದು ಕೇಳಲೇ? ಮನೆಯಲ್ಲಿ ಏನೋ ಮದುವೆ ಅಂದಿರಲ್ಲ."

ತಂಗಿಯದು, ವೈಶಾಖದಲ್ಲಿ ಎಂದ ಪ್ರತಿನಿಧಿ. ಅಡುಗೆಯವರು ಗೊತ್ತಾಗಿದ್ದಾರೆ. ಕೋಸಂಬರಿ, ಹುಳಿ, ಒಬ್ಬಟ್ಟು, ಎಲ್ಲ ಶುದ್ಧ ಸಸ್ಯಾಹಾರ. ಧಾರೆ ಸೀರೆ ಕಂಚಿಯಿಂದ ಬಂದಿದೆ.

"ಕಂಚಿಗೆ ನೂಲು ನಮ್ಮ ಕಡೆಯಿಂದಲೂ ಹೋಗುತ್ತದೆ. ಹಾಗಾದರೆ ಮದುವೆಗೆ ನಮ್ಮವರೂ ಬಂದೇ ಬರುತ್ತಾರೆ. ಊಟದ ಪಂಕ್ತಿಯಲ್ಲಿ ಮಾತ್ರ ಜಾಗ ಹಿಡಿಯಬೇಡಿ."