ಸನ್ಮಾನ್ಯ ನಾಲ್ಕು ಜನರಿಗೊಂದು ಬಹಿರಂಗ ಪತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಊರೂರಿನ ಕಟ್ಟೆಯ ಮೇಲೆ ಕುಳಿತು ಎಲ್ಲರ ಮನೆಯ ಮಾನ ಕಾಯುವ ಪೂಜ್ಯ ನಾಲ್ಕು ಜನರಿಗೆ, ಕೊಟ್ಟೂರಿನಿಂದ ತಮ್ಮ ಮಗಳ ಶರಣು ಶರಣಾರ್ಥಿಗಳು.

ಸಾವಾದ ಮನೆಗೆ ಕರೆಯದೆಯೇ ಬಂದು ಹೆಗಲು ಕೊಡುವವರು ತಾವು. ನಮ್ಮಪ್ಪ ಹೋದ ದಿನವೂ ಬಂದಿರಿ. ಆ ಋಣ ನನ್ನ ಮೇಲಿದೆ. ಋಣವಿರುವಲ್ಲೇ ಸಲಿಗೆಯೂ ಇರುತ್ತದೆಂದು ನಂಬಿ ಕೆಲವು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಕಡೆಯ ನಾಟಕಗಳು ಉಳಿದಿರುವುದು ತಮ್ಮಿಂದ. ಪಟ್ಟಿ ಎತ್ತುವವರು ತಾವು, ಬೆಳಗಿನ ಜಾವದವರೆಗೆ ಮುಂದಿನ ಸಾಲಿನಲ್ಲಿ ಕೂರುವವರೂ ತಾವು. ಮರಿಯಮ್ಮನಹಳ್ಳಿಯಿಂದ ಪಾತ್ರಕ್ಕೆ ಬಂದ ಕಲಾವಿದೆ ಹಾಡಿದರೆ ಒನ್ಸ್ ಮೋರ್ ಕೂಗುತ್ತೀರಿ. ಅದೇ ಹೆಣ್ಣುಮಗಳು ನಾಳೆ ನಮ್ಮ ಓಣಿಯಲ್ಲಿ ಬಾಡಿಗೆಗೆ ಮನೆ ಕೇಳಿದರೆ ಖಾಲಿ ಇಲ್ಲ ಎನ್ನುತ್ತೀರಿ. ದಯವಿಟ್ಟು ಒಂದು ಮನೆ ಕೊಡಿಸಿ.

ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ತಾವು ಊರೂರಲ್ಲಿ ಮಾಡಿದ ಸನ್ಮಾನಕ್ಕೆ ನಾನೂ ಕೃತಜ್ಞಳು. ಆದರೆ ಅದಕ್ಕೆ ಮೊದಲಿನ ಕಥೆ ಹೇಳಲೇಬೇಕು. ಕಲ್ಲುಕಂಬದ ಹುಡುಗನಾಗಿದ್ದ ಮಂಜಮ್ಮ ತಾನು ಹೆಣ್ಣು ಅಂದಾಗ ಅವರ ಮನೆಯವರು ಹೆದರಿದ್ದು ದೇವರಿಗಲ್ಲ, ತಮ್ಮಂಥ ನಾಲ್ಕು ಜನರಿಗೆ. ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾಗಿ ಬಂದ ಮೇಲೂ ಸ್ವಂತ ಮನೆಯಲ್ಲಿ ಅವರಿಗೆ ಜಾಗವಿರಲಿಲ್ಲ. ವಿಷ ಕುಡಿದರು, ಬದುಕಿಕೊಂಡರು, ಸೀರೆಯುಟ್ಟು ಭಿಕ್ಷೆ ಬೇಡಿದರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವವರನ್ನು ಕಂಡು ಆ ಕುಣಿತಕ್ಕೆ ಮನಸೋತರು. ಮುಂದೆ ಅವರನ್ನು ಕಾಳವ್ವ ಜೋಗತಿ ತನ್ನ ಮೇಳಕ್ಕೆ ಸೇರಿಸಿಕೊಂಡರು. ಕಾಳವ್ವ ತಮ್ಮ ಅಭಿಪ್ರಾಯ ಕೇಳಲಿಲ್ಲ, ಕ್ಷಮೆಯಿರಲಿ. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದವರು ಸೆರಗು ಹಿಡಿದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ಹೊಸ್ತಿಲಲ್ಲಿ ನಿಂತು ನಮ್ಮ ಕೂಸುಗಳನ್ನು ಹರಸುವ ಹಾಗೆಯೇ ಹರಸಿದರು. ದಿಲ್ಲಿಗೆಂದು ಬೇರೊಬ್ಬ ಮಂಜಮ್ಮನನ್ನು ಮಾಡಿಕೊಂಡಿರಲಿಲ್ಲ. ಟೀವಿಯಲ್ಲಿ ಅದನ್ನು ನೋಡುತ್ತ ನಾನು ಅತ್ತೆ.

ತಾವು ಹಡಗಲಿ ಮಲ್ಲಿಗೆಯ ಮಾಲೆ ಹಿಡಿದು ಬಂದದ್ದು ಆಮೇಲೆ. ಆ ಮಾಲೆ ಬರುವ ಹೊತ್ತಿಗೆ ಮಂಜಮ್ಮ ಬದುಕಿ ಉಳಿದಿದ್ದರು. ಬದುಕಿ ಉಳಿಯದವರ ಲೆಕ್ಕ ಯಾವ ಕಟ್ಟೆಯಲ್ಲಿದೆ, ಹಿರಿಯರೇ? ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಮಂಜಮ್ಮನವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಇದೆ. ಬಿಡುವಿದ್ದಾಗ ಒಬ್ಬರು ಓದಿ, ಉಳಿದ ಮೂವರು ಕೇಳಬೇಕೆಂದು ಕೈಮುಗಿಯುತ್ತೇನೆ.

ನನ್ನ ಸಂಗತಿ ಸಣ್ಣದು. ಹೈಸ್ಕೂಲಿನಲ್ಲಿದ್ದಾಗ ನಾಟಕದ ಮೇಷ್ಟ್ರ ಹತ್ತಿರ ಹಾರ್ಮೋನಿಯಂ ಕಲಿಯಹೋದೆ. ‘ಹೆಣ್ಣುಡುಗಿ, ನಾಳೆ ಯಾರು ಮಾಡಿಕೊಳ್ತಾರೆ’ ಎಂದು ತಾವು ಅಪ್ಪನಿಗೆ ಹೇಳಿದ್ದು ನನ್ನ ಮೇಲಿನ ಕಾಳಜಿಯಿಂದಲೇ. ಅಂದಿನಿಂದ ತಮ್ಮೆದುರು ತಲೆತಗ್ಗಿಸುವವಳು ಒಬ್ಬಳು, ಬಾಗಿಲು ಹಾಕಿಕೊಂಡು ಹಾಡುವವಳು ಇನ್ನೊಬ್ಬಳು. ಇಬ್ಬರನ್ನೂ ಸಾಕುವುದು ಸುಸ್ತಿನ ಕೆಲಸ. ಐವತ್ತು ದಾಟಿದ ಮೇಲೆ ಮೊದಲನೆಯವಳನ್ನು ಬಿಟ್ಟುಕೊಟ್ಟಿದ್ದೇನೆ. ಈಗ ಸಂಜೆ ಬಾಗಿಲು ತೆರೆದೇ ಹಾಡುತ್ತೇನೆ.

ಕೇಳುವ ತಾಳ್ಮೆ ತಮಗಿದೆ. ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂದರೆ ಲಕ್ಷಾಂತರ ಜನರ ಜೊತೆ ತಾವೂ ಗಪ್ಪಾಗುತ್ತೀರಿ. ಅವರಾಡುವ ಒಂದೇ ಮಾತಿಗೆ ವರ್ಷವಿಡೀ ಅರ್ಥ ಹುಡುಕುತ್ತೀರಿ. ಮನೆಯ ಮಗು ‘ನಾನು ಇಂಥವನು, ಇಂಥವಳು’ ಎಂದು ಬಾಯಿ ತೆರೆದಾಗಲೂ ಅಷ್ಟೇ ಹೊತ್ತು ಸುಮ್ಮನಿರಬೇಕೆಂಬುದು ನನ್ನ ಬಿನ್ನಹ.

ನಮ್ಮ ಹಿಂದಿನ ಓಣಿಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗನೊಬ್ಬ ಮೊನ್ನೆ ಅವ್ವನ ಮುಂದೆ ಏನೋ ಹೇಳಿಕೊಂಡು ಅತ್ತಿದ್ದಾನೆ. ಸುದ್ದಿ ಕಟ್ಟೆಗೆ ಮುಟ್ಟಿದೆ, ತಾವು ಅವರ ಮನೆಗೆ ಹೊರಟಿದ್ದೀರೆಂದು ಕೇಳಿದೆ. ಹೋಗಿ, ಬೇಡವೆನ್ನುವುದಿಲ್ಲ. ಆ ತಂದೆಯ ಹೆಗಲ ಮೇಲೆ ಕೈಯಿಟ್ಟು ‘ನಾವಿದೀವಿ, ಹುಡುಗನ್ನ ಮನೀ ಬಿಡಿಸಬ್ಯಾಡ’ ಅಂದು ಬನ್ನಿ. ತಾವೇ ಹೇಳಲು ಮುಜುಗರವಾದರೆ ನನ್ನನ್ನೂ ಕರೆಯಿರಿ. ಬರುತ್ತೇನೆ.

ಇಂತಿ ತಮ್ಮ ವಿಧೇಯಳು,
ಕೊಟ್ಟೂರಿನ ಮಗಳು